ಕುಂತು ನೋಡಬೇಕಾದ ಕಿಟಕಿ

ಕುಬಿಹಾಳದ ಶಾಲೆಗೆ ನಾನು ಟೀಚರಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಕುಂದಗೋಳದಲ್ಲಿ ಮೂರು ದಿನ ಕೃಷಿ ಪ್ರದರ್ಶನ ಇಟ್ಟಿದ್ದರು. ಅದರ ಜೊತೆಗೆ, ಸುತ್ತಲಿನ ಹಳ್ಳಿಗಳಲ್ಲಿ ಚೆನ್ನಾಗಿ ಕಟ್ಟಿದ ಹೊಸ ಮನೆಗಳಿಗೂ ಬಹುಮಾನ ಕೊಡುತ್ತೇವೆಂದು ಸಂಘಟಕರು ಡಂಗುರ ಸಾರಿಸಿದರು. ಎತ್ತಿಗೆ, ಹೋರಿಗೆ ಬಹುಮಾನ ಕಂಡಿದ್ದ ಜನಕ್ಕೆ ಇದು ನಗೆಯ ಮಾತಾಯಿತು. “ಮನೀಗೆ ಎತ್ತಿನಂಗ ಜೂಲಾ ಹೊದಿಸಿ ಹೊಡ್ಕೊಂಡು ಬರಬೇಕೇನ್ರಿ ಅಕ್ಕಾರ?” ಎಂದು ನಮ್ಮ ಶಾಲೆಯ ಸಿಪಾಯಿ ನನ್ನನ್ನೇ ಕೇಳಿದ.

ನನ್ನನ್ನು ಕೇಳಲು ಕಾರಣವಿತ್ತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳು. ಒಬ್ಬರು ಧಾರವಾಡದಿಂದ ಬಂದ ಎಂಜಿನಿಯರ್ ಸಾಹೇಬರು, ಇನ್ನೊಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರರು. ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳು ಇರಲಿ ಎಂದು ಯಾರಿಗೋ ಹೊಳೆದದ್ದರಿಂದ ನಾನು. ಮನೆ ಕಟ್ಟುವುದರ ಬಗ್ಗೆ ನನಗಿದ್ದ ಜ್ಞಾನವೆಂದರೆ ಮಳೆಗಾಲದಲ್ಲಿ ಮಾಳಿಗೆ ಎಲ್ಲಿ ಸೋರುತ್ತದೆ, ಅಲ್ಲಿ ಯಾವ ಪಾತ್ರೆ ಇಡಬೇಕು ಎನ್ನುವುದಷ್ಟೇ.

ಜೀಪಿನಲ್ಲಿ ಎರಡು ದಿನ ಸುತ್ತಿದೆವು. ಸಾಹೇಬರ ಕೈಯಲ್ಲಿ ಅಳತೆಯ ಟೇಪು, ಮೂವರ ಕೈಯಲ್ಲೂ ಒಂದೊಂದು ಅಂಕದ ಹಾಳೆ. ಗಾಳಿಗೆ ಹತ್ತು, ಬೆಳಕಿಗೆ ಹತ್ತು, ಅಡುಗೆಮನೆಗೆ ಹತ್ತು, ಅಂದಕ್ಕೆ ಹತ್ತು. ಮಾಸ್ತರರಿಗೆ ಎಲ್ಲವೂ ಎಡಬಲ ಸಮ ಇರಬೇಕು. ನಮ್ಮ ಕುಬಿಹಾಳದ ದೊಡ್ಡ ಜಮೀನ್ದಾರರೊಬ್ಬರ ಹೊಸ ಸ್ಲ್ಯಾಬಿನ ಮನೆ ಮುಂದೆ ಜೀಪು ನಿಂತಾಗ ಅವರು ಇಳಿಯುವ ಮೊದಲೇ ಮೆಚ್ಚಿಬಿಟ್ಟರು. ಮನೆಯ ನೆತ್ತಿಯ ಮೇಲೆ ಸಿಮೆಂಟಿನ ಕಮಲ, ಅದರ ಎರಡೂ ಬದಿಗೆ ಒಂದೊಂದು ಹಂಸ. ಒಳಗೆ ಲಿಂಬೆ ಶರಬತ್ತು ಕೊಟ್ಟರು. ಅಡುಗೆಮನೆ ಕತ್ತಲಾಗಿತ್ತು, ಹೊಗೆ ತುಂಬಿತ್ತು. ಆದರೂ ಶರಬತ್ತಿನ ದಾಕ್ಷಿಣ್ಯಕ್ಕೆ ನಾನು ಎಂಟು ಅಂಕ ಹಾಕಿದೆ.

ಕೊನೆಯದು ಅದೇ ಊರ ಅಂಚಿನ ಒಂದು ಮಣ್ಣಿನ ಮನೆ. ಗಂಡ ಹೊಲದಲ್ಲಿದ್ದ. ನಲವತ್ತರ ಆಸುಪಾಸಿನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದ್ದು ಬಂದು, “ಬರ್ರಿ, ನೋಡ್ರಿ” ಎಂದಳು. ಸಾಹೇಬರು ನೇರ ಅಡುಗೆಮನೆಗೆ ಹೋಗಿ ಟೇಪು ಹಿಡಿದರು. ಕಿಟಕಿ ನೆಲದಿಂದ ಒಂದೂವರೆ ಅಡಿಗೇ ಶುರುವಾಗಿತ್ತು.

“ಇದೇನವ್ವಾ, ಇಷ್ಟ ಕೆಳಗ? ಗ್ವಾಡಿ ಕಟ್ಟಿದ ಗೌಂಡಿ ಅಳತಿ ತಪ್ಪ್ಯಾನ.”

“ಅವ ತಪ್ಪಿಲ್ರಿ, ನಾನ ಹೇಳಿ ಇಡಿಸೀನಿ.”

“ಕಿಟಕಿ ಎದಿಮಟ್ಟ ಇರಬೇಕು.”

“ನಾ ನಿಂತು ರೊಟ್ಟಿ ಬಡೀತೀನೇನ್ರಿ? ನೀವ ಕುಂತು ನೋಡ್ರಲ್ಲ ಸಾಹೇಬ್ರ.”

ಇಸ್ತ್ರಿ ಪ್ಯಾಂಟಿನ ಸಾಹೇಬರು ಒಂದು ಕ್ಷಣ ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. ಬೆಳಕು ಸೀದಾ ಅವರ ಮುಂದಿನ ಹಿಟ್ಟಿನ ಪರಾತಕ್ಕೆ ಬೀಳುತ್ತಿತ್ತು. ಕೆಳಗಿನಿಂದ ಗಾಳಿ ಬಂದು ಒಲೆಯ ಹೊಗೆಯನ್ನು ಮಾಳಿಗೆಯ ಬೆಳಕಿಂಡಿಗೆ ದೂಡುತ್ತಿತ್ತು. ಸಾಹೇಬರು ಕತ್ತು ಚಾಚಿ ಹೊರಗೆ ನೋಡಿದರು.

“ಎಮ್ಮಿ ಕಾಣ್ತದ,” ಎಂದರು ಮೆತ್ತಗೆ.

“ಬಾಗಿಲಾ ಕಾಣ್ತದ, ಹೊಟ್ಟಿನ ಬಣವಿ ಕಾಣ್ತದ. ಯಾರು ಬಂದ್ರು, ಯಾರು ಹೋದ್ರು ಎಲ್ಲಾ ಕಾಣ್ತದ. ಎದ್ದು ನೋಡೂ ಕೆಲಸಿಲ್ಲ.”

ಅವರು ಅಲ್ಲೇ ಕುಳಿತು ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದರು. ತಿಂದೆದ್ದು, ಕಿಟಕಿ ಕಂಡಕೂಡಲೇ ಬರೆದಿದ್ದ ಮೂರನ್ನು ರಬ್ಬರಿನಿಂದ ಅಳಿಸಿ ಹತ್ತು ಬರೆದರು. ನಾನೂ ಹತ್ತು ಕೊಟ್ಟೆ. ಮಾಸ್ತರರು ಮಾತ್ರ ಜಗ್ಗಲಿಲ್ಲ. ಹೊರಗಿನಿಂದ ನೋಡಿದರೆ ಒಂದು ಕಿಟಕಿ ಮೇಲೆ, ಒಂದು ಕೆಳಗೆ, ಮನೆ ಕಣ್ಣು ಹೊಡೆದಂತೆ ಕಾಣುತ್ತದೆ ಎಂದರು.

ಕೂಡಿಸಿ ನೋಡಿದಾಗ ಸ್ಲ್ಯಾಬಿನ ಮನೆ ಎರಡು ಅಂಕ ಮುಂದಿತ್ತು. ನನ್ನ ಎಂಟು ನನಗೆ ಚುಚ್ಚಿತು. ಸಾಹೇಬರ ರಬ್ಬರು ಕೇಳಿ ನಾನೂ ಅದನ್ನು ಅಳಿಸಬಹುದಿತ್ತು. ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಇಬ್ಬರು ಹಿರಿಯರ ಮುಂದೆ ಬಾಯಿ ಬರಲಿಲ್ಲ. ಹಾಗಾಗಿ ಮಣ್ಣಿನ ಮನೆಗೆ ಎರಡನೆಯ ಬಹುಮಾನ.

ಮರುದಿನ ಸಂಜೆ ಪ್ರದರ್ಶನದ ಮಂಟಪದಲ್ಲಿ ಸಮಾರಂಭ. ಜಮೀನ್ದಾರರು ಹಾರ ಹಾಕಿಸಿಕೊಂಡು ಗೋಡೆ ಗಡಿಯಾರ ತೆಗೆದುಕೊಂಡು ಹೋದರು. ಎರಡನೆಯ ಬಹುಮಾನಕ್ಕೆ ಕರೆದದ್ದು ಗಂಡನ ಹೆಸರು. ಅವನು ವೇದಿಕೆಯ ಮೆಟ್ಟಿಲಲ್ಲೇ ನಿಂತುಬಿಟ್ಟ. “ನನಗ್ಯಾಕ್ರಿ? ಕಟ್ಟೂಮುಂದ ನಾ ಹೊಲದಾಗಿದ್ದೆ. ಅಕಿನ್ನ ಕರೀರಿ.”

ಸೆರಗು ಸರಿಮಾಡಿಕೊಂಡು ಅವಳು ಬಂದಳು. ಸ್ಟೀಲಿನ ಕೊಡ ಕೊಟ್ಟು, ಎರಡು ಮಾತಾಡು ಎಂದು ಮೈಕು ಮುಂದೆ ಹಿಡಿದರು. ಅವಳು ಹೆದರುತ್ತಾಳೆಂದುಕೊಂಡಿದ್ದೆ. ಕೊಡವನ್ನು ಕಂಕುಳಿಗೆ ಏರಿಸಿಕೊಂಡು ಮೈಕಿಗೆ ಬಾಗಿದಳು.

“ಆ ಕಿಟಕಿ ಸಲುವಾಗಿ ಗ್ವಾಡಿ ಮೂರು ಸಲ ಒಡಿಸೀನ್ರಿ. ಮೂರನೇ ಸಲಕ್ಕ ಗೌಂಡಿ ಸಿಟ್ಟಾಗಿ ಮಾತು ಬಿಟ್ಟ. ವರ್ಷಾತು, ನಮ್ಮ ಓಣ್ಯಾಗ ಹಾದ್ರೂ ಮಾರಿ ತಿರುವಿ ಹೋಗ್ತಾನ. ಬಹುಮಾನದಾಗ ಅವಂದೂ ಪಾಲೈತಿ ಅಂತ ಯಾರರೆ ಹೇಳ್ರಿ.”

ಮಂಟಪದ ಹಿಂದಿನಿಂದ ಒಬ್ಬ ಮುದುಕ ಮುಂಡಾಸು ಕೈಯಲ್ಲಿ ಹಿಡಿದು ಎದ್ದ. “ಇಲ್ಲೇ ಅದೀನಿ ಬೇ! ಮಾತು ಬಿಟ್ಟಿಲ್ಲ, ನಾಕನೇ ಸಲ ಒಡಸ್ತೀ ಅಂತ ಅಂಜಿ ಹೊಂಟಿದ್ದೆ!”

ಜನ ಹೋ ಎಂದು ನಕ್ಕರು. ಎಂಜಿನಿಯರ್ ಸಾಹೇಬರು ಕೆಳಗಿಳಿದು ಅವನನ್ನು ಕೈಹಿಡಿದು ಕರೆತಂದು, ತಮಗೆ ಹಾಕಿದ್ದ ಹಾರವನ್ನೇ ತೆಗೆದು ಅವನ ಕೊರಳಿಗೆ ಹಾಕಿದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಅದರಲ್ಲಿ ಅರ್ಧ ಸಂತೋಷದ್ದು, ಅರ್ಧ ನನ್ನ ಅಳುಕಿನದು.

ಆ ತಿಂಗಳು ಕುಬಿಹಾಳದಲ್ಲಿ ಕೆಳಗೆ ಕಿಟಕಿ ಇಡಿಸಲು ನಾಲ್ಕು ಅಡುಗೆಮನೆಗಳ ಗೋಡೆ ಒಡೆಸಿದರು. ಮೊದಲು ಗೌಂಡಿಯನ್ನು ಕರೆಸಿದವರು ಜಮೀನ್ದಾರರ ಮನೆಯಾಕೆ. ಗೌಂಡಿ ಮುಂಡಾಸು ಸುತ್ತಿಕೊಂಡು ಮನೆಮನೆಗೆ ಹೋಗಿ, ಈ ಕೆಳಗಿನ ಕಿಟಕಿ ತನ್ನದೇ ತಲೆಯಿಂದ ಬಂದದ್ದೆಂದು ಹೇಳುತ್ತಿದ್ದನಂತೆ. ಮಣ್ಣಿನ ಮನೆಯವಳಿಗೆ ಆ ಸುದ್ದಿ ಮುಟ್ಟಿಸಿದವಳು ನಾನೇ.

“ಹೇಳ್ಲಿ ಬಿಡ್ರಿ ಅಕ್ಕಾರ,” ಎಂದಳು, “ಹಂಗರೆ ಕೆಲಸಾ ಚಂದ ಮಾಡ್ತಾನ.”