ಹೋಟೆಲಿನಲ್ಲಿ ಕೇಳಿದ ಹೆಸರು

ಪೊಲೀಸ್ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಗೊತ್ತಿಲ್ಲದವರ ಬಾಗಿಲು ನೇರವಾಗಿ ತಟ್ಟಲು ಬೀರಲಿಂಗನಿಗೆ ಸಂಕೋಚ. ಅದು ಅಪ್ಪನಿಂದ ಬಂದ ರೂಢಿ. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಅವರದು ಕುರಿ ಸಾಕುವ ಮನೆತನ. ಅಪ್ಪ ಹಿಂಡು ಹೊಡೆದುಕೊಂಡು ಹೊಸ ಊರಿಗೆ ಹೋದರೆ ಹೊಲದ ಒಡೆಯನ ಮನೆಗೆ ಮೊದಲೇ ಹೋಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕುತ್ತ, ಆ ಹೊಲದವರು ಎಂಥವರು, ರಾತ್ರಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿದರೆ ಮಾತಿನಂತೆ ಜೋಳ ಕೊಡುವವರೇ ಎಂದು ಕುಂತವರನ್ನು ವಿಚಾರಿಸುತ್ತಿದ್ದ. ಆ ಸುದ್ದಿ ಹೊಲದವರ ಕಿವಿಗೂ ಬಿದ್ದು ಅವರೇ ಎದ್ದು ಬಂದು ಕರೆಯುತ್ತಿದ್ದರು. ಊರ ಮುಂದೆ ತಮ್ಮನ್ನು ವಿಚಾರಿಸಿದರೆಂದು ಅವರಿಗೂ ಹಿಗ್ಗು.

ಬೀರಲಿಂಗ ಈ ಪದ್ಧತಿಯನ್ನೇ ಠಾಣೆಯ ಕೆಲಸಕ್ಕೂ ತಂದಿದ್ದ. ಪಾಸ್‌ಪೋರ್ಟಿಗೋ ನೌಕರಿಗೋ ಯಾರಾದರೂ ಅರ್ಜಿ ಹಾಕಿ, ಅವರ ಮೇಲೆ ಕೇಸಿದೆಯೇ ಎಂದು ನೋಡಿಬರಲು ಅವನಿಗೆ ಹೇಳಿದರೆ, ಮೊದಲು ಆ ಊರಿನ ಚಹಾದ ಹೋಟೆಲಿನಲ್ಲಿ ಕೂಡುತ್ತಿದ್ದ. ಅಲ್ಲಿ ನಾಲ್ಕು ಮಾತು ಕೇಳಿ ಆಮೇಲೆ ಮನೆಗೆ ಹೋಗುತ್ತಿದ್ದ. ಅದುವರೆಗೆ ಅವನ ಪಾಲಿಗೆ ಬಂದ ಅರ್ಜಿದಾರರೆಲ್ಲ ಗಂಡಸರೇ ಆಗಿದ್ದರಿಂದ ತೊಂದರೆ ಕಂಡಿರಲಿಲ್ಲ.

ರಾವೂರಿನ ರಾಧಿಕಾಳ ಅರ್ಜಿ ಬಂದದ್ದು ಹೋದ ಚಳಿಗಾಲದಲ್ಲಿ. ಆಕೆಯ ತಂದೆ ಅಂಬರಾಯ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸದವನು. ಬಿ.ಎಸ್ಸಿ. ಮುಗಿಸಿದ ರಾಧಿಕಾ ಕಲ್ಲಿನ ಖಣಿಗೆ ದುಡಿಯಲು ಹೋಗುವವರ ಮಕ್ಕಳಿಗೆ ಪ್ರತಿ ಭಾನುವಾರ ಸಮುದಾಯ ಭವನದಲ್ಲಿ ಗಣಿತ, ಓದು ಹೇಳಿಕೊಡುತ್ತಿದ್ದಳು. ಇಂಥ ತರಗತಿಗಳಿಗೆ ಪುಸ್ತಕ ಒದಗಿಸುವ ಚಿತ್ತಾಪುರದ ಸಂಸ್ಥೆಯೊಂದು ಆಕೆಯನ್ನು ಸ್ವಯಂಸೇವಕಿಯಾಗಿ ತೆಗೆದುಕೊಳ್ಳಲು ಒಪ್ಪಿತ್ತು. ಮಕ್ಕಳ ನಡುವೆ ಕೂಡುವವರ ಹಿನ್ನೆಲೆಯನ್ನು ಪೊಲೀಸರು ಪರಿಶೀಲಿಸಿರಬೇಕು ಎಂಬುದು ಅವರ ನಿಯಮ. ನಿಯಮ ಒಳ್ಳೆಯದೇ. ಠಾಣೆಯ ದಾಖಲೆಯಲ್ಲಿ ಆಕೆಯ ಹೆಸರಿನಲ್ಲಿ ಏನೂ ಇರಲಿಲ್ಲ. ಊರಿಗೆ ಹೋಗಿ ವಿಚಾರಿಸುವುದೊಂದು ಉಳಿದಿತ್ತು.

ಬೀರಲಿಂಗ ಖಾಕಿಯಲ್ಲೇ ಹೋಗಿ ಲಾಲಪ್ಪನ ಹೋಟೆಲಿನಲ್ಲಿ ಕುಳಿತು ಚಹಾ ಹೇಳಿದ.

"ಅಂಬರಾಯನ ಮಗಳು ರಾಧಿಕಾ ಅಂತ ಅದಾಳಲ್ಲ, ಹ್ಯಾಂಗ್ರಿ ಹುಡುಗಿ? ಏನರ ಲಫಡಾ ಗಿಫಡಾ?"

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಲಾಲಪ್ಪ ಚಹಾ ಸೋಸುತ್ತಲೇ ಕೇಳಿದ, "ಯಾಕ್ರಿ ಸಾಹೇಬ್ರ? ಏನ್ ಮಾಡ್ಯಾಳ?"

"ಅದೆಲ್ಲ ಹೇಳಂಗಿಲ್ಲಪಾ. ಠಾಣೆ ಕೆಲಸ."

ಅರ್ಜಿದಾರರ ವಿಷಯ ಹೊರಗೆ ಬಿಡಬಾರದೆಂಬ ಶಿಸ್ತಿನಿಂದ ಹಾಗೆ ಅಂದಿದ್ದ. ಹುಡುಗಿ ಛಲೋ ಇದ್ದಾಳೆಂದು ಇಬ್ಬರು ಹೇಳಿದರು. ಆಮೇಲೆ ಮನೆಗೆ ಹೋಗಿ ಆಕೆಯ ಸಹಿ ಪಡೆದ. ತಾಯಿ ಶಿವಕಾಂತಮ್ಮ ಅವಲಕ್ಕಿ ಕೊಟ್ಟಳು. ಆಕ್ಷೇಪಣೆ ಇಲ್ಲವೆಂದು ವರದಿ ಕಳಿಸಿ ಬೀರಲಿಂಗ ನಿಶ್ಚಿಂತನಾದ.

ತಿಂಗಳ ನಂತರ ಯಾರಿಗೋ ಸಮನ್ಸ್ ಕೊಡಲು ಮತ್ತೆ ರಾವೂರಿಗೆ ಹೋದಾಗ ಭಾನುವಾರವಾಗಿತ್ತು. ಸಮುದಾಯ ಭವನದ ಬಾಗಿಲು ತೆರೆದಿತ್ತು. ಒಳಗೆ ಹೊಸ ಪುಸ್ತಕಗಳ ಕಟ್ಟು ಬಿಚ್ಚದೆ ಬಿದ್ದಿತ್ತು. ಪಕ್ಕದಲ್ಲಿ ರಾಧಿಕಾ ಒಬ್ಬಳೇ ಕುಳಿತಿದ್ದಳು.

"ಆಯ್ತಲ್ರಿ ನಿಮ್ಮ ಕೆಲಸ?" ಎಂದು ನಗುತ್ತ ಕೇಳಿದ.

"ಆಯ್ತ್ರಿ. ಪತ್ರ ಬಂತು, ಪುಸ್ತಕನೂ ಬಂದಾವ. ಮಕ್ಕಳಷ್ಟೇ ಬರಲ್ಲ." ಆಕೆ ಎದ್ದು ನಿಲ್ಲಲಿಲ್ಲ. "ಪೊಲೀಸ್ರು ಹುಡುಕ್ಕೋತ ಬಂದಿದ್ರು, ಆಕಿ ಮ್ಯಾಲ ಏನೋ ಕೇಸ್ ಅದ ಅಂತ ಊರೆಲ್ಲ ಮಾತಾಡ್ಲಿಕತ್ತದ. ನಮ್ಮ ಮನಿಗಿ ಮೊದಲು ಬಂದಿದ್ರ ನಿಮಗೇನು ಆಗ್ತಿತ್ರಿ?"

ಬುತ್ತಿ ತಂದ ಶಿವಕಾಂತಮ್ಮ ಬಾಗಿಲಲ್ಲೇ ನಿಂತು ಹೇಳಿದಳು, "ಅವಲಕ್ಕಿ ತಿಂದು ಹೋದ್ರಿ. ನಮಗ ಹೊರಗ ಮಕಾ ತೋರಸಲಾರದಂಗ ಮಾಡಿದ್ರಿ. ಆಕಿ ಅಪ್ಪ ಲಾಲಪ್ಪನ ಹೋಟೆಲಿಗಿ ಹೋಗೋದೇ ಬಿಟ್ಟಾನ."

ಯಾರೂ ಬೈದು ಬೀರಲಿಂಗನನ್ನು ಇಷ್ಟು ಕುಗ್ಗಿಸಿರಲಿಲ್ಲ. ಕುರಿಯವನ ಕೈಯಲ್ಲಿದ್ದದ್ದು ಕೋಲು, ತನ್ನ ಮೈಮೇಲಿರುವುದು ಖಾಕಿ; ಅಪ್ಪ ವಿಚಾರಿಸಿದರೆ ಮನೆಗೆ ಹೆಸರು ಬರುತ್ತಿತ್ತು, ತಾನು ವಿಚಾರಿಸಿದರೆ ಇದ್ದ ಹೆಸರೂ ಹೋಗುತ್ತದೆ. ಇಷ್ಟು ಸರಳವಾದದ್ದು ಇಷ್ಟು ವರ್ಷ ತಿಳಿಯಲಿಲ್ಲವಲ್ಲ ಎಂದುಕೊಂಡ.

ಅಲ್ಲಿಂದ ಸೀದಾ ಹೋಟೆಲಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದ, "ರಾಧಿಕಾನ ಮ್ಯಾಲ ಯಾವ ಕೇಸೂ ಇಲ್ಲ. ಮಕ್ಕಳಿಗಿ ಕಲಸೋರ್ದು ಹಂಗ ವಿಚಾರಣಿ ಮಾಡ್ತಾರ. ಅವತ್ತು ಹೇಳದೇ ಹೋದದ್ದು ನಂದೇ ತಪ್ಪು."

"ಈಗ ಇಲ್ಲ ಅಂತೀರೇನ್ರಿ?" ಬೆಂಚಿನ ಮೇಲಿದ್ದವನೊಬ್ಬ ನಕ್ಕ. "ಒಳಗೊಳಗೇ ಮುಗಿಸ್ಯಾರ ಬಿಡ್ರಿ."

ಬೀರಲಿಂಗ ಮತ್ತೆ ಹೇಳಹೋದ. ಹೇಳಿದಷ್ಟೂ ನಗು ಹೆಚ್ಚಾಯಿತು. ಬ್ರೆಡ್ ಕೊಳ್ಳಲು ಬಂದಿದ್ದ ಮರೆಮ್ಮ ಮಾತ್ರ ನಗಲಿಲ್ಲ. ಆಕೆ ಖಣಿಯಲ್ಲಿ ದುಡಿಯುವವಳು; ಆಕೆಯ ಮಕ್ಕಳಿಬ್ಬರೂ ಆ ತರಗತಿಯಲ್ಲಿದ್ದವರು.

"ಬಾಯಿಲೆ ಹೇಳೋದು ಬ್ಯಾಡ್ರಿ ಸಾಹೇಬ್ರ. ಆಕಿ ಅಷ್ಟು ಛಲೋ ಇದ್ರ ನಿಮ್ಮ ಮಕ್ಕಳಿಗಿ ಆಕಿ ಬಲ್ಲಿ ಕಲೀಲಾಕ ಕಳಸ್ತೀರೇನು? ಇಲ್ಲಲ್ಲ? ನಮ್ಮವರಿಗೆ ಯಾಕ ಹೇಳ್ತೀರಿ ಮತ್ತ?"

ಮುಂದಿನ ಭಾನುವಾರ ಬೀರಲಿಂಗ ವಾಡಿಯ ತನ್ನ ಮನೆಯಿಂದ ಮಗಳು ಭುವನೇಶ್ವರಿಯನ್ನು ಬೈಕಿನಲ್ಲಿ ಕೂಡಿಸಿಕೊಂಡು ಬಂದ. ಖಾಕಿ ಹಾಕಿರಲಿಲ್ಲ. ಐದನೇ ತರಗತಿಯ ಹುಡುಗಿ ಖಾಲಿ ಭವನ ನೋಡಿ, "ಅಪ್ಪಾ, ಇಲ್ಲಿ ನಾ ಒಬ್ಬಾಕೀನೇ?" ಎಂದಳು. ರಾಧಿಕಾ ಆಕೆಯನ್ನು ಒಳಗೆ ಕರೆದು ಕೂಡಿಸಿಕೊಂಡಳು. ಬೀರಲಿಂಗನತ್ತ ತಿರುಗಿಯೂ ನೋಡಲಿಲ್ಲ. ಪಾಠ ಮುಗಿಯುವವರೆಗೆ ಅವನು ಹೊರಗೆ ಬೈಕಿನ ಪಕ್ಕ ನಿಂತಿದ್ದ. ಹೋಗಿಬರುವವರು ನೋಡಿ ಹೋಗುತ್ತಿದ್ದರು. ಹಾಗೆ ನೋಡಲೆಂದೇ ಅವನು ನಿಂತಿದ್ದ; ಆದರೂ ತಲೆ ಮೇಲೇಳಲಿಲ್ಲ.

ಎರಡನೆಯ ವಾರವೂ ಭುವನೇಶ್ವರಿ ಒಬ್ಬಳೇ. ಮೂರನೆಯ ವಾರ ಮರೆಮ್ಮ ಬಂದು ಕಿಟಕಿಯಿಂದ ಇಣುಕಿದಳು.

"ಯಾರ ಮಗಳವ್ವಾ ನೀ?"

"ಪೊಲೀಸ್ ಬೀರಲಿಂಗನ ಮಗಳ್ರಿ."

ಮರೆಮ್ಮ ಬೈಕಿನ ಪಕ್ಕ ನಿಂತಿದ್ದವನನ್ನು ಒಮ್ಮೆ ನೋಡಿ, ಮನೆಗೆ ಹೋಗಿ ತನ್ನ ಮಕ್ಕಳಿಬ್ಬರನ್ನೂ ತಂದು ಒಳಗೆ ಬಿಟ್ಟಳು. ಅವರ ಹಿಂದೆಯೇ ಇನ್ನಷ್ಟು ಮಕ್ಕಳು ಬಂದರು. ಎಲ್ಲರೂ ಬರಲಿಲ್ಲ. ಕೆಲವು ತಾಯಂದಿರು ಈಗಲೂ ಕಳಿಸುತ್ತಿಲ್ಲ.

ಆ ದಿನ ಪಾಠ ಬಿಟ್ಟ ಮೇಲೆ ರಾಧಿಕಾ ತಾನಾಗಿ ಬೈಕಿನ ಬಳಿ ಬಂದಳು. ಬೀರಲಿಂಗ ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದ. ಆಕೆ ಅವಕಾಶ ಕೊಡಲಿಲ್ಲ.

"ನಿಮ್ಮ ಮಗಳಿಗಿ ಭಾಗಾಕಾರ ಬರಲ್ಲ. ಆಕಿಗಿ ಇಲ್ಲಿ ಸಾಕ್ಷಿಗಂತ ಕೂಡಸ್ಲಾಕ ತರೋದಾದ್ರ ಇವತ್ತಿಗಿ ಸಾಕ್ರಿ. ಕಲೀಲಾಕ ಆದ್ರ ಮುಂದಿನ ವಾರ ಕಳಸ್ರಿ."

ರಾಧಿಕಾಳ ಹಾಗೆಯೇ ತನ್ನ ಮಗಳನ್ನೂ ಒಂದು ಮಾತು ಕೇಳದೆ ಊರ ಮುಂದೆ ತಂದು ನಿಲ್ಲಿಸಿದ್ದೇನೆಂದು ಬೀರಲಿಂಗನಿಗೆ ಆಗ ಹೊಳೆಯಿತು. ಭುವನೇಶ್ವರಿ ಮರೆಮ್ಮನ ಮಕ್ಕಳೊಂದಿಗೆ ಏನೋ ಹೇಳಿ ನಗುತ್ತಿದ್ದಳು. ಅವನು ಆಕೆಯ ಹತ್ತಿರ ಹೋಗಿ, ಮೊದಲ ಸಲ ಕೇಳಿದ, "ನಿನಗ ಬರಬೇಕನಸ್ತದೇನವ್ವಾ ಇಲ್ಲಿ?"