ಉಪ್ಪಲ್ಲದ ಹರಳು

ಹೋದ ತಿಂಗಳು ವಿದ್ಯಾರ್ಥಿಗಳೊಂದಿಗೆ ಮಣ್ಣೂರಿನಲ್ಲಿ ಭೀಮಾ ದಂಡೆಗೆ ಇಳಿದಾಗ ನಿಂತ ನೀರಿನ ಕೆಸರಿನ ನಾತ ಮೂಗಿಗೆ ಬಡಿಯಿತು. ಹುಡುಗಿಯರು ಸೆರಗು, ಓಢಣಿ ಮೂಗಿಗೆ ಹಿಡಿದರು. ನನಗೆ ಸಂಶೋಧನೆಯ ದಿನಗಳ ನಮ್ಮ ಗೈಡ್ ನೆನಪಾದರು... ಇಷ್ಟು ವರ್ಷಗಳಾದರೂ ಮೈ ಉರಿಯಿತು.

ಎಂಬತ್ತರ ದಶಕದ ಕೊನೆ. ಅಫಜಲಪುರದಿಂದ ಸಂಶೋಧನೆಗೆಂದು ದೂರದ ಊರಿನ ಪ್ರಯೋಗಾಲಯ ಸೇರಿದ್ದೆ. ಗೈಡ್ ಆಳಂದದವರು, ನಮ್ಮ ಕಡೆಯವರು ಎಂದು ನಂಬಿ ಹೋಗಿದ್ದೆ. ನಮ್ಮ ಕಡೆ ಮಂದಿಗೆ ತಾಳ್ಮೆ ಇಲ್ಲ, ಈಕೆಯೂ ಬೇಗ ಗಂಟುಮೂಟೆ ಕಟ್ಟುತ್ತಾಳೆ ಎಂದು ಮೊದಲ ದಿನವೇ ಎಲ್ಲರೆದುರು ಹೇಳಿದರು.

ಮಣ್ಣೂರಿನ ಆ ಕೆಸರನ್ನೇ ತಂದು, ಬೆಳಕು ಉಂಡು ಬದುಕುವ ಕೆನ್ನೇರಳೆ ಬ್ಯಾಕ್ಟೀರಿಯಾ ಬೆಳೆಸಿದ್ದೆ. ಅದರ ಪೊರೆಯಲ್ಲಿ ಹುದುಗಿದ ಒಂದು ಪ್ರೋಟೀನಿನ ರಚನೆ ತಿಳಿಯಬೇಕಿತ್ತು. ಅದಕ್ಕೆ ಪ್ರೋಟೀನನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಬೇಕು. ಪೊರೆ ಎಂದರೆ ಜಿಡ್ಡು. ಅದರಿಂದ ಪ್ರೋಟೀನನ್ನು ಬಿಡಿಸಲು ಡಿಟರ್ಜೆಂಟ್ ಬೇಕು. ಬಿಡಿಸಿದ ಮೇಲೂ ಅದೇ ಸುತ್ತಿಕೊಂಡು ಕಾಪಾಡಬೇಕು, ಇಲ್ಲವಾದರೆ ನೀರಿನಲ್ಲಿ ಮುದ್ದೆಗಟ್ಟುತ್ತದೆ. ಅವರು ಮೊದಲಿನಿಂದಲೂ ಬಳಸುತ್ತಿದ್ದ ಕಟುವಾದ ಡಿಟರ್ಜೆಂಟಿನಲ್ಲಿ ಕೆಂಪು ಪ್ರೋಟೀನ್ ಸಂಜೆಯೊಳಗೆ ಕಂದಿ ಹಾಳಾಗುತ್ತಿತ್ತು. ನಾನು ಸೌಮ್ಯವಾದದ್ದನ್ನು ಹಾಕಿದೆ. ಬಣ್ಣ ಉಳಿಯಿತು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟರು. ನಾನೂ ಬಗ್ಗಲಿಲ್ಲ.

ಒಂದು ಬೆಳಿಗ್ಗೆ ಶೀತಕೋಣೆಯಲ್ಲಿಟ್ಟ ತಟ್ಟೆಯ ಒಂದು ಹನಿಯಲ್ಲಿ ಹರಳು ಮೂಡಿತ್ತು. ಸಾಸಿವೆಗಿಂತ ಸಣ್ಣದು, ದಾಳಿಂಬೆ ಬೀಜದ ಕೆಂಪು. ಯಾರಿಗೂ ಹೇಳುವ ಮೊದಲೇ ಅವರು ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

“ಉಪ್ಪಿನ ಹರಳ ಅದ. ಬಣ್ಣ ಹತ್ತೇದ, ಅಷ್ಟ.”

“ಎಕ್ಸ್-ರೇ ಹಾಕಿ ನೋಡೂಣ್ರಿ ಸರ್. ಇದೊಂದೇ ಅದರಿ, ಮುಟ್ಟಬ್ಯಾಡ್ರಿ.”

ಅವರು ಸೂಜಿ ಎತ್ತಿಕೊಂಡರು. ಉಪ್ಪಿನ ಹರಳಾದರೆ ಒತ್ತಿದಾಗ ಚಟ್ಟನೆ ಸಿಡಿಯುತ್ತದೆ. ಪ್ರೋಟೀನಿನದಾದರೆ ಮೆತ್ತಗೆ ಕುಸಿಯುತ್ತದೆ. ನಾನು ಅಡ್ಡ ಹಿಡಿದ ಕೈಯನ್ನು ಸರಿಸಿ ಒತ್ತಿಯೇಬಿಟ್ಟರು. ಅದು ಸಿಡಿಯಲಿಲ್ಲ. ಹಸಿ ಬೆಲ್ಲದಂತೆ ಕುಸಿದು ಹರಡಿತು... ಅವರು ನೋಡಿದರು. ನಾನು ನೋಡಿದ್ದನ್ನೂ ನೋಡಿದರು.

“ಮತ್ತ ಬೆಳಸು,” ಎಂದು ಸೂಜಿ ಒರೆಸಿಟ್ಟು ಹೊರಟುಹೋದರು.

ಮತ್ತೆ ಬೆಳೆಯಲಿಲ್ಲ. ಹೊರದೇಶದಿಂದ ತರಿಸಬೇಕಾದ ಆ ಸೌಮ್ಯ ಡಿಟರ್ಜೆಂಟ್ ಮುಗಿಯಿತು, ಅವರು ತರಿಸಿಕೊಡಲಿಲ್ಲ. ನಾನು ಪಿಎಚ್.ಡಿ. ಪದವಿಯಿಲ್ಲದೆ ಮರಳಿ ಜೇವರ್ಗಿಯ ಕಾಲೇಜಿನಲ್ಲಿ ಪಾಠಕ್ಕೆ ನಿಂತೆ. ಅಂಥದೇ ಪ್ರೋಟೀನಿನ ರಚನೆಯನ್ನು ಮುಂದೆ ಬೇರೆ ದೇಶದವರು ಬಿಡಿಸಿದರು. ಆಳಂದದ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಎದುರಾದಾಗ ಅವರು ಪಕ್ಕದವರಿಗೆ ನನ್ನನ್ನು ತೋರಿಸಿ ನಕ್ಕರು. “ಈಕಿ ನನ್ನ ಹತ್ರ ಉಪ್ಪು ಬೆಳಸ್ತಿದ್ದಳು.” ನಾನು ಎಲೆ ಬಿಟ್ಟು ಎದ್ದುಬಂದೆ.

ಅವರು ತೀರಿಕೊಂಡಾಗ ನಾಲ್ಕು ಒಳ್ಳೆಯ ಮಾತು ಬರೆದುಕೊಡು ಎಂದು ಹಳೆಯ ಸಹಪಾಠಿ ಕೇಳಿದ. ಆಗುವುದಿಲ್ಲ ಎಂದೆ. ಇಂದಿಗೂ ಬರೆಯಲಾರೆ. ಆದರೆ ಆ ಹರಳು ಉಪ್ಪಲ್ಲವೆಂದು ಕಣ್ಣಾರೆ ಕಂಡವರು ನಾವಿಬ್ಬರೇ ಇದ್ದೆವು... ಈಗ ನಾನೊಬ್ಬಳೇ.