ಮಣ್ಣೆತ್ತಿನ ಕೋಡು

ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಊರ ಮಕ್ಕಳ ನಾಲಿಗೆ ತಿದ್ದಿದವಳು ನಾನು. ನನ್ನ ಮೊಮ್ಮಗಳಿಗೆ ಮೂರು ತುಂಬಿ ನಾಲ್ಕರಲ್ಲಿ ಬಿದ್ದರೂ ಒಂದೇ ಒಂದು ಮಾತು ಬಂದಿರಲಿಲ್ಲ. ನೀರು ಬೇಕಾದರೆ ನೀರಿನ ಕೊಡದ ಕಡೆ ಕೈ ತೋರಿಸುತ್ತಿದ್ದಳು, ಸಿಟ್ಟು ಬಂದರೆ ನೆಲಕ್ಕೆ ಬಿದ್ದು ಚೀರುತ್ತಿದ್ದಳು, ಅಷ್ಟೆ. ದೀಪದ ಬುಡದಲ್ಲೇ ಕತ್ತಲೆ ಎಂದು ಓಣಿಯವರು ಆಡಿಕೊಂಡರು. ನನ್ನೆದುರಿಗೆ ಆಡಲಿಲ್ಲ, ನನ್ನ ಬಾಯಿ ಅವರಿಗೆ ಗೊತ್ತು.

ನಾವಿರುವುದು ಗಿಣಿಗೇರಾದಲ್ಲಿ. ಮಗ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆ ಕಸ ಹೊಡೆದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಕಾರ್ಖಾನೆಯ ಕರಿ ದೂಳು ಹೊದ್ದಿರುತ್ತದೆ. ಹಾಗಾಗಿ ಮಗುವನ್ನು ನಾನು ಹೊಸ್ತಿಲು ದಾಟಲು ಬಿಡಲೇ ಇಲ್ಲ. ಅಂಗಳಕ್ಕ ಬ್ಯಾಡ, ಮಣ್ಣಾಗ ಬ್ಯಾಡ, ನೀರಾಗ ಕೈ ಬ್ಯಾಡ. ಒಳಗೆ ಕೂತು ಬೇಸತ್ತ ಕೂಸಿಗೆ ಸೊಸೆ ಮೊಬೈಲು ಕೊಟ್ಟಳು. ಮಾತು ಬಾರದಿದ್ದಾಗ ಅದನ್ನೇ ನೆಪ ಮಾಡಿಕೊಂಡು, "ನಿನ್ನ ಮೊಬೈಲಿಂದನ ಹಿಂಗಾತು" ಎಂದು ಅವಳನ್ನು ಜಾಡಿಸಿದೆ. ಮಾತು ಬರಲೆಂದು ಬಜೆ ಬೇರು ತೇದು ಮಗುವಿನ ನಾಲಿಗೆಗೆ ಹಚ್ಚಿದ್ದೂ ಆಯಿತು. ಮುಖ ಕಿವುಚಿ ಉಗುಳಿದಳು.

ಕೊನೆಗೆ ಕೊಪ್ಪಳದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಿವಿ ಪರೀಕ್ಷೆ ಮಾಡಿದರು, ಚೆನ್ನಾಗಿಯೇ ಕೇಳಿಸುತ್ತಿತ್ತು. ಮಾತಿನ ತರಬೇತಿ ಕೊಡುವ ಹುಡುಗಿ ನನ್ನ ಕಡೆ ತಿರುಗಿದಳು.

"ಅಮ್ಮಾರ, ಮೊದಲ ಕೂಸಿನ್ನ ಹೊರಗ ಬಿಡ್ರಿ. ಉಸುಕು, ಮಣ್ಣು, ನೀರು ಎಲ್ಲಾ ಮುಟ್ಟಲಿ. ಅಕಿ ಏನು ಮುಟ್ಟತಾಳ, ಅದರ ಹೆಸರು ಒಂದ ಸಲ ಹೇಳ್ರಿ. ಆಮ್ಯಾಲ ಸುಮ್ಮನ ಕಾಯ್ರಿ."

"ಎಷ್ಟೊತ್ತನಕ?" ಎಂದೆ.

"ಅದನ್ನ ಅಕಿನ ಹೇಳತಾಳ್ರಿ."

ಸುಮ್ಮನಿರುವುದು ನನಗೆ ಉಪವಾಸಕ್ಕಿಂತ ಕಷ್ಟ. ಆದರೂ ಹಿತ್ತಲಲ್ಲಿ ಒಂದು ಗಾಡಿ ಉಸುಕು ಹಾಕಿಸಿದೆ, ದೂಳು ಬೀಳದಿರಲೆಂದು ಮೇಲೆ ತಾಡಪತ್ರಿ ಕಟ್ಟಿಸಿದೆ. ಮೊದಲ ದಿನ ಉಸುಕು ತಾಗಿದ್ದೇ ತಡ, ಮೊಮ್ಮಗಳು ಕೆಂಡ ತುಳಿದವಳಂತೆ ಕಾಲು ಮೇಲೆತ್ತಿದಳು. ಆ ಮೆತ್ತನೆಯ ಅಂಗಾಲನ್ನು ಕೈಯಲ್ಲಿ ಹಿಡಿದು ಉಸುಕು ಒರೆಸಿದೆ. ಮೂರು ವರ್ಷ ಅದಕ್ಕೆ ಗಚ್ಚಿನ ನೆಲ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ದಿನಕ್ಕಿಷ್ಟು ಒಗ್ಗಿಕೊಂಡಳು. ಚರಿಗೆಯಲ್ಲಿ ನೀರು ಸುರಿದುಕೊಂಡಾಗ "ತಣ್ಣಗ" ಎನ್ನುತ್ತಿದ್ದೆ. ಕಾಯುತ್ತಿದ್ದೆ. ಅವಳು ನನ್ನ ತುಟಿ ನೋಡುತ್ತಿದ್ದಳು, ಮತ್ತೆ ನೀರಿಗೆ ಕೈ ಹಾಕುತ್ತಿದ್ದಳು. ವಾರಗಳು ಕಳೆದವು. ನಮ್ಮ ಕಡೆ ಅಜ್ಜಿಯನ್ನು ಕರೆಯುವ ಹಾಗೆ ಈ ಮಗು ನನ್ನನ್ನು "ಅಮ್ಮ" ಎಂದು ಕರೆಯುವುದನ್ನು ಕೇಳದೆಯೇ ಹೋಗುತ್ತೇನೇನೋ ಎಂಬ ಹೆದರಿಕೆ ಒಳಗೊಳಗೇ ಬೆಳೆಯಿತು.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಎರೆಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ. ಸೊಸೆ ಮಣ್ಣು ಕಲಸಿ ಹದ ಮಾಡಿ ತಂದಳು; ಮೂವರೂ ಹಿತ್ತಲಲ್ಲಿ ಕೂತೆವು. ನಾನು ಒಂದು ಜೋಡಿ ಮಾಡಿ, ಕಣ್ಣಿಗೆ ಜೋಳದ ಕಾಳು ಒತ್ತಿದೆ. ಮೊಮ್ಮಗಳು ಮೊಣಕೈವರೆಗೆ ಮೆತ್ತಿಕೊಂಡು ತಾನೂ ಒಂದನ್ನು ಮಾಡಿದಳು. ಕಾಲು ಮೂರೇ. ಕೋಡು ಒಂದು ಮುಗಿಲಿಗೆ, ಇನ್ನೊಂದು ನೆಲಕ್ಕೆ.

"ಎತ್ತು" ಎಂದೆ. ಕಾದೆ. ಅವಳು ತಲೆ ಎತ್ತಲಿಲ್ಲ.

ಮೂವತ್ತು ವರ್ಷ ತಿದ್ದಿದ ಕೈ, ಎಷ್ಟು ಹೊತ್ತು ಸುಮ್ಮನಿದ್ದೀತು? ಆ ಸೊಟ್ಟ ಕೋಡನ್ನು ನೆಟ್ಟಗೆ ಮಾಡಲು ಹೋಯಿತು. ಹಸಿ ಮಣ್ಣಿನ ಪುಟ್ಟ ಕೈಯೊಂದು ನನ್ನ ಮುಂಗೈ ಹಿಡಿಯಿತು. ಮೊಮ್ಮಗಳು ನನ್ನ ಮುಖವನ್ನೇ ನೋಡಿ, ನನ್ನದೇ ಧಾಟಿಯಲ್ಲಿ ಹೇಳಿದಳು:

"ಬ್ಯಾಡ."

ಸೊಸೆ ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಸಂತೋಷವಾಯಿತು. ಅದರ ಬೆನ್ನಿಗೇ ನಾಚಿಕೆಯಾಯಿತು. ಮೂರು ವರ್ಷ ಹೊಸ್ತಿಲಲ್ಲಿ ನಿಂತು ಆ ಕೂಸಿಗೆ ನಾನು ಕಲಿಸಿದ್ದು ಅದೊಂದೇ ಪಾಠ.

"ನಿನ್ನ ಮೊಬೈಲಿಂದ ಅಲ್ಲವ್ವಾ, ತಪ್ಪು ನಂದೈತಿ" ಎಂದು ಸೊಸೆಗೆ ಹೇಳಿದೆ.

ಪುಟ್ಟ ಕೈ ಇನ್ನೂ ನನ್ನ ಮುಂಗೈ ಬಿಟ್ಟಿರಲಿಲ್ಲ.

"ಆತವ್ವಾ" ಎಂದೆ. ಕೋಡು ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡೆ.